ಮುಚ್ಚಳದ ಮೇಲೆ 1878, ಹೆಸರು ಅರ್ಧ ಅಳಿಸಿದೆ: ಈ ಪಿಯಾನೊ ಯಾರು ಮಾಡಿದ್ದು, ಯಾವಾಗ?

ಮೌನರಾಗ

ಎಲ್ಲರಿಗೂ ನಮಸ್ಕಾರ. ದೊಡ್ಡಪ್ಪನ ಹಳೇ ಅಪ್‌ರೈಟ್ ಪಿಯಾನೊ (ತಂತಿಗಳು ನೆಟ್ಟಗೆ ನಿಂತಿರುವ ಬಗೆ) ನನ್ನ ಪಾಲಿಗೆ ಬಂದಿದೆ. ಮಾರುವ ಯೋಚನೆ ಇಲ್ಲ. ಸರಿ ಮಾಡಿಸಿ ನುಡಿಸಬೇಕು ಅಂತ ಆಸೆ. ರಿಪೇರಿ ನೋಡಲು ಬಂದವರು ಮೊದಲು ಕೇಳಿದ್ದೇ "ಯಾವ ಕಂಪನಿ, ಯಾವ ವರ್ಷದ್ದು?" ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೇಲುನೋಟಕ್ಕೆ ಕಾಣುವುದನ್ನು ಹೇಳುತ್ತೇನೆ. ಕಂದು ಬಣ್ಣದ ಮರ, ತುಂಬ ಸುಳಿಸುಳಿಯಾದ ವಿನ್ಯಾಸ. ಎದುರಿನ ಹಲಗೆಯಲ್ಲಿ ತಿಳಿ ಬಣ್ಣದ ಮರದಿಂದ ಹೂಬಳ್ಳಿ ಕೂರಿಸಿದ್ದಾರೆ. ಎಡಕ್ಕೊಂದು ಬಲಕ್ಕೊಂದು ಹಿತ್ತಾಳೆಯ ಮೇಣದಬತ್ತಿ ಸ್ಟ್ಯಾಂಡ್ ಇವೆ, ಆಚೀಚೆ ತಿರುಗುತ್ತವೆ. ಪೆಡಲ್ ಎರಡು. ಕೀಗಳು 85.

ಕೀ ಮುಚ್ಚಳದ ಒಳಮೈಯಲ್ಲಿ ಚಿನ್ನದ ಬಣ್ಣದ ಅಕ್ಷರಗಳಿದ್ದವು, ಅರ್ಧಕ್ಕರ್ಧ ಉದುರಿಹೋಗಿವೆ. ಓದಲು ಬರುವುದು "...ಮೀಡ್ & ಸನ್ಸ್", ಕೆಳಗೆ "ಲಂಡನ್". ಪಕ್ಕದಲ್ಲಿ ಪದಕದ ಚಿತ್ರ, ಅದರಡಿ 1878. ಮನೆಯಲ್ಲಿ ಎಲ್ಲರೂ ಇದನ್ನು 1878ರ ಪಿಯಾನೊ ಅಂತಲೇ ಕರೆಯುತ್ತಾರೆ. ಅದು ಸರಿಯಾ?

ಹೊಸಬ_22

ವರ್ಷ ಬರೆದೇ ಇದೆಯಲ್ಲ. ಇನ್ನೇನು ಬೇಕು? 1878 ಅಲ್ವಾ?

ಶ್ರುತಿಗಾರ

ಅಲ್ಲ. ಈ ಗೊಂದಲ ತುಂಬ ಜನರಿಗೆ ಆಗುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಪಿಯಾನೊ ಶ್ರುತಿ ಮಾಡುವವನು, ಹಳೇ ಅಪ್‌ರೈಟ್‌ಗಳ ರಿಪೇರಿಯನ್ನೂ ಮಾಡುತ್ತೇನೆ.

ಪಿಯಾನೊ ಮೇಲೆ ಚಿನ್ನದ ಅಕ್ಷರದಲ್ಲಿ ಕಾಣುವ ವರ್ಷ ಅದನ್ನು ಮಾಡಿದ ವರ್ಷವಾಗಿರುವುದು ಬಹಳ ಅಪರೂಪ. ಸಾಮಾನ್ಯವಾಗಿ ಮೂರರಲ್ಲಿ ಒಂದಾಗಿರುತ್ತದೆ. ಕಂಪನಿ ಶುರುವಾದ ವರ್ಷ, ಪೇಟೆಂಟ್ ಸಿಕ್ಕ ವರ್ಷ, ಇಲ್ಲವೇ ಯಾವುದೋ ದೊಡ್ಡ ಪ್ರದರ್ಶನದಲ್ಲಿ ಪದಕ ಗೆದ್ದ ವರ್ಷ. ಲಂಡನ್ 1851 ಮತ್ತು 1862, ಪ್ಯಾರಿಸ್ 1855, 1867, 1878, 1889, 1900, ವಿಯೆನ್ನಾ 1873, ಫಿಲಡೆಲ್ಫಿಯಾ 1876, ಶಿಕಾಗೊ 1893. ಇವೆಲ್ಲ ಪ್ರದರ್ಶನದ ವರ್ಷಗಳು. ನಿಮ್ಮ 1878 ಪ್ಯಾರಿಸ್ ಪ್ರದರ್ಶನದ್ದು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಒಮ್ಮೆ ಪದಕ ಗೆದ್ದವರು ಆಮೇಲೆ ಹತ್ತಿಪ್ಪತ್ತು ವರ್ಷ ಅದನ್ನೇ ಮುಚ್ಚಳದ ಮೇಲೆ ಹಾಕಿಕೊಳ್ಳುತ್ತಿದ್ದರು. ಹಾಗಾಗಿ ಆ ಅಂಕಿಯಿಂದ ನಮಗೆ ತಿಳಿಯುವುದು ಒಂದೇ: ಪಿಯಾನೊ 1878ಕ್ಕಿಂತ ಹಳೇದಲ್ಲ.

ಹಳೇ ಪಿಯಾನೊದ ವಯಸ್ಸು ಹುಡುಕುವುದು ಎರಡು ಕಡೆಯಿಂದ ಗೆರೆ ಎಳೆಯುವ ಕೆಲಸ. "ಇದಕ್ಕಿಂತ ಮೊದಲು ಆಗಿರಲಾರದು" ಅಂತ ಒಂದು ಗೆರೆ. "ಇದಾದ ಮೇಲೆ ಆಗಿರಲಾರದು" ಅಂತ ಇನ್ನೊಂದು. ಒಂದೊಂದು ಗುರುತು ಸಿಕ್ಕಿದ ಹಾಗೆಲ್ಲ ಎರಡೂ ಹತ್ತಿರ ಬರುತ್ತವೆ.

ಈಗ ಪೆಟ್ಟಿಗೆ ತೆರೆದು ನೋಡಿ. ಮೇಲಿನ ಮುಚ್ಚಳ ಎತ್ತಿ. ಒಳಗೆ ಎಡಬಲ ತುದಿಯಲ್ಲಿ ಮರದ ಚಿಕ್ಕ ತಿರುಗುಣಿ ಇರುತ್ತದೆ. ಅದನ್ನು ತಿರುಗಿಸಿದರೆ ಎದುರಿನ ಹಲಗೆ ನಿಮ್ಮ ಕಡೆಗೆ ವಾಲುತ್ತದೆ. ಒಬ್ಬರೇ ಮಾಡಬೇಡಿ, ಮೇಣದಬತ್ತಿ ಸ್ಟ್ಯಾಂಡ್ ಇರುವ ಹಲಗೆ ತೂಕ ಜಾಸ್ತಿ. ಕೆಳಗಿನ ಹಲಗೆಗೆ ಮೇಲ್ಗಡೆ ಒಂದು ಸ್ಪ್ರಿಂಗ್ ಪಟ್ಟಿ ಇರುತ್ತದೆ, ಅದನ್ನು ಮೇಲಕ್ಕೆ ಒತ್ತಿ ಹಿಡಿದರೆ ಹಲಗೆ ಕೈಗೆ ಬರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ತಂತಿ ಸುತ್ತಿ ಶ್ರುತಿ ಬಿಗಿಸುವ ಟ್ಯೂನಿಂಗ್ ಪಿನ್‌ಗಳನ್ನು ಮಾತ್ರ ಮುಟ್ಟಬೇಡಿ.

ಇಷ್ಟು ನೋಡಿ ಹೇಳಿ. ತಂತಿಗಳ ಎಳೆತ ಹೊರುವ ಕಬ್ಬಿಣದ ಫ್ರೇಮ್ ಎಲ್ಲಿಯವರೆಗೆ ಇದೆ? ಪಿನ್‌ಗಳ ಸುತ್ತ ಬರೀ ಮರ ಕಾಣುತ್ತಾ, ಇಲ್ಲ ಕಬ್ಬಿಣ ಅದನ್ನೂ ಮುಚ್ಚಿದೆಯಾ? ತಂತಿಗಳೆಲ್ಲ ಒಂದೇ ದಿಕ್ಕಿಗೆ ಇಳಿದಿವೆಯಾ, ಇಲ್ಲ ಮಂದ್ರದ ತಂತಿಗಳು ಮಿಕ್ಕವುಗಳ ಮೇಲೆ ಅಡ್ಡ ಹಾದುಹೋಗಿವೆಯಾ? ಡ್ಯಾಂಪರ್‌ಗಳು (ಕೀ ಬಿಟ್ಟಾಗ ತಂತಿಯ ನಾದ ಅಡಗಿಸುವವು) ಹ್ಯಾಮರ್‌ಗಳ (ತಂತಿಗೆ ಹೊಡೆಯುವ ಸುತ್ತಿಗೆಗಳು) ಮೇಲಿವೆಯಾ ಕೆಳಗಿವೆಯಾ? ಎಲ್ಲೆಲ್ಲಿ ಅಂಕಿ ಕಂಡರೂ ಜಾಗದ ಸಮೇತ ಬರೆದುಕೊಳ್ಳಿ.

ಹೆಸರಿನ ಬಗ್ಗೆ ನನಗೊಂದು ಊಹೆ ಇದೆ. ಒಳಗಿನ ವಿವರ ಬಂದ ಮೇಲೆ ಹೇಳುತ್ತೇನೆ, ಈಗಲೇ ಹೇಳಿದರೆ ನಾವೆಲ್ಲ ಅದೇ ಹೆಸರಿಗೆ ಸಾಕ್ಷಿ ಹುಡುಕಲು ಶುರು ಮಾಡುತ್ತೇವೆ.

ಬೀಟೆಮರ

ನನ್ನ ಕಸುಬು ಮರದ್ದು. ಹಳೇ ಪೀಠೋಪಕರಣ ರಿಪೇರಿ ಮಾಡುತ್ತೇನೆ, ಪಿಯಾನೊ ಪೆಟ್ಟಿಗೆಗಳೂ ಬರುತ್ತವೆ.

ಸುಳಿಸುಳಿಯಾದ ಕಂದು ಮರ ಅಂದರೆ ವಾಲ್‌ನಟ್ ಮರದ ಗಂಟಿನಿಂದ ಸೀಳಿದ ತೆಳು ಹಾಳೆ. ಒಳಗೆ ಬೇರೆ ಮರ ಇರುತ್ತದೆ, ಮೇಲೆ ಇದನ್ನು ಅಂಟಿಸಿರುತ್ತಾರೆ. ಹತ್ತೊಂಬತ್ತನೇ ಶತಮಾನದ ಮಧ್ಯದ ಲಂಡನ್ ಅಪ್‌ರೈಟ್‌ಗಳಲ್ಲಿ ಬೀಟೆ ಮರ ಜಾಸ್ತಿ. ಎದುರಿನ ಹಲಗೆಯಲ್ಲಿ ಜಾಲರಿ ಕೊರೆದು ಹಿಂದೆ ರೇಷ್ಮೆ ಬಟ್ಟೆ ಕಟ್ಟುವುದೂ ಆ ಕಾಲದ್ದೇ. ಬೇರೆ ಬಣ್ಣದ ಮರದಲ್ಲಿ ಹೂಬಳ್ಳಿ ಕೂರಿಸಿದ ವಾಲ್‌ನಟ್ ಪೆಟ್ಟಿಗೆ ನೋಡಿದರೆ ನನ್ನ ಮನಸ್ಸು 1890ರ ಆಚೀಚೆಗೆ ಹೋಗುತ್ತದೆ. ಇದು ಬರೀ ರುಚಿಯ ಲೆಕ್ಕ, ಗಟ್ಟಿ ಸಾಕ್ಷಿ ಅಲ್ಲ. ಹಳೇ ನಮೂನೆ ಬೇಕು ಅಂತ ಕೇಳುವ ಗಿರಾಕಿಗಳು ಯಾವ ಕಾಲದಲ್ಲೂ ಇದ್ದರು.

ಗಟ್ಟಿ ಸಾಕ್ಷಿ ಸ್ಕ್ರೂಗಳಲ್ಲಿ ಸಿಗುತ್ತದೆ. ತಲೆಯ ಮೇಲೆ ಒಂದೇ ಗೀರು ಇದ್ದರೆ ಹಳೇದಿರಬಹುದು. ಕೂಡಿಸುವ ಗುರುತಿನ ಹಾಗೆ ಅಡ್ಡ ಉದ್ದ ಎರಡು ಗೀರು ಇದ್ದರೆ ಅದು ಫಿಲಿಪ್ಸ್ ಸ್ಕ್ರೂ, ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ. ನಿಮ್ಮದರಲ್ಲಿ ಅಂಥದ್ದು ಸಿಕ್ಕಿದರೆ ಆ ಭಾಗವನ್ನು ಯಾರೋ ಆಮೇಲೆ ಬಿಚ್ಚಿದ್ದಾರೆ ಅಂತ ಅರ್ಥ.

ಮೇಣದಬತ್ತಿ ಸ್ಟ್ಯಾಂಡ್ ಬಿಚ್ಚಿ ಹಿಂಭಾಗ ನೋಡಿ. ಅಲ್ಲಿ ಏನಾದರೂ ಕೆತ್ತಿದ್ದರೆ ಬಹಳ ಉಪಯೋಗ. ಹಾಗೇ ಅದರಡಿಯ ಮರ ನೋಡಿ. ಹಿತ್ತಾಳೆ ಪಟ್ಟಿಯ ಅಚ್ಚು ಮರದ ಮೇಲೆ ಸರಿಯಾಗಿ ಅದೇ ಆಕಾರದಲ್ಲಿ ಕೂತಿದೆಯಾ? ಸ್ಕ್ರೂ ತೂತುಗಳು ಒಂದೇ ಜೊತೆಯಾ, ಪಕ್ಕದಲ್ಲಿ ಮುಚ್ಚಿದ ಹಳೇ ತೂತು ಇದೆಯಾ? ಈ ಸ್ಟ್ಯಾಂಡ್‌ಗಳನ್ನು ಜನ ಒಂದು ಪಿಯಾನೊದಿಂದ ಇನ್ನೊಂದಕ್ಕೆ ಸಲೀಸಾಗಿ ಹಾಕಿಬಿಡುತ್ತಿದ್ದರು.

ಎಂಟನೇ_ಸ್ವರ

ಮಧ್ಯೆ ಒಂದು ಪ್ರಶ್ನೆ, ಕ್ಷಮಿಸಿ. ನನ್ನ ಪರಿಚಯದವರ ಹತ್ತಿರ ಮೇಜಿನ ಹಾಗೆ ಚಪ್ಪಟೆಯಾದ, ಉದ್ದ ಚೌಕದ ಪಿಯಾನೊ ಇದೆ. ಕೀಗಳ ಹಿಂದಿನ ಹಲಗೆಯಲ್ಲಿ "ಜಾನ್ ಬ್ರಾಡ್‌ವುಡ್ ಆ್ಯಂಡ್ ಸನ್" ಅಂತಿದೆ. ಅದಕ್ಕೂ ಇದೇ ಲೆಕ್ಕವಾ?

ಕಾಗದಹುಳು

ಅದು ಸ್ಕ್ವೇರ್ ಪಿಯಾನೊ, ಬ್ರಾಡ್‌ವುಡ್ ಲಂಡನ್‌ನ ಪಿಯಾನೊ ತಯಾರಕರು. ನಿಮ್ಮ ಪರಿಚಯದವರು ಅದೃಷ್ಟವಂತರು, ಅದರ ಹೆಸರೇ ಅರ್ಧ ಉತ್ತರ ಹೇಳುತ್ತದೆ. "ಸನ್" ಅಂತ ಒಬ್ಬ ಮಗ ಮಾತ್ರ ಇದ್ದರೆ ಅದು 1795ರಿಂದ 1808ರ ನಡುವಿನದು. 1808ರಲ್ಲಿ ಇನ್ನೊಬ್ಬ ಮಗನೂ ಪಾಲುದಾರನಾದ ಮೇಲೆ ಹೆಸರು "ಸನ್ಸ್" ಆಯಿತು. ಕೊನೆಯ ಒಂದು ಅಕ್ಷರ ಅಷ್ಟು ಕೆಲಸ ಮಾಡುತ್ತದೆ.

ಕ್ಲೆಮೆಂಟಿ ಹೆಸರಿನ ಪಿಯಾನೊಗಳೂ ಹಾಗೇ. ಸಂಗೀತಗಾರ ಮುಜಿಯೊ ಕ್ಲೆಮೆಂಟಿ ಪಾಲುದಾರನಾಗಿದ್ದ ಕಂಪನಿಯೇ ಆಮೇಲೆ ಕೊಲಾರ್ಡ್ & ಕೊಲಾರ್ಡ್ ಆಯಿತು. ಅವರು ತೀರಿಕೊಂಡಿದ್ದು 1832ರಲ್ಲಿ, ಹೆಸರು ಬದಲಾದದ್ದೂ ಅದೇ ಸುಮಾರಿಗೆ. ಹೆಸರಿನ ಜೊತೆ ಬೀದಿಯ ವಿಳಾಸ ಇದ್ದರೆ ಇನ್ನೂ ಒಳ್ಳೆಯದು. ಬ್ರಾಡ್‌ವುಡ್‌ನವರು 1904ರವರೆಗೆ ಇದ್ದದ್ದು ಗ್ರೇಟ್ ಪುಲ್ಟನಿ ಸ್ಟ್ರೀಟ್‌ನಲ್ಲಿ. ಆ ವಿಳಾಸ ಕಂಡರೆ ಅದಕ್ಕಿಂತ ಈಚಿನದಲ್ಲ.

ಒಂದು ಎಚ್ಚರಿಕೆ. ಸ್ಕ್ವೇರ್ ಪಿಯಾನೊಗಳ ಒಳಭಾಗ ತೆಗೆದು ಬರೆಯುವ ಮೇಜು ಮಾಡಿಕೊಂಡವರು ಬಹಳ ಜನ. ಆಗ ಉಳಿದ ಹೆಸರಿನ ಹಲಗೆ ಬೇರೆ ಪೆಟ್ಟಿಗೆಗೆ ಹೋಗಿರಬಹುದು. ಹಲಗೆ ಆ ಪೆಟ್ಟಿಗೆಗೆ ಸರಿಯಾಗಿ ಕೂರುತ್ತದೆಯೇ ಅಂತ ಮೊದಲು ನೋಡಲಿ.

ಶ್ರುತಿಗಾರ

ಸ್ಕ್ವೇರ್‌ನಲ್ಲಿ ಕೀ ಎಣಿಸಿದರೂ ಸಾಕು, ಅಂದಾಜು ಸಿಗುತ್ತದೆ. ಮೊದಲು 61 ಇದ್ದವು, ಅಂದರೆ ಐದು ಸಪ್ತಕ. 1790ರ ದಶಕದಲ್ಲಿ 68 ಬಂತು. ಆಮೇಲೆ 73. ಹತ್ತೊಂಬತ್ತನೇ ಶತಮಾನದ ಮಧ್ಯದ ಹೊತ್ತಿಗೆ 85ಕ್ಕೆ ಏರಿತು. 1880ರ ದಶಕದಿಂದ 88 ಮಾಮೂಲಾಯಿತು. ಎಣಿಸಲು ಬೇಜಾರಾದರೆ ಬಲತುದಿಯ ಕೀ ನೋಡಿ: ಅದು 'ಎ' ಆದರೆ 85, 'ಸಿ' ಆದರೆ 88.

ಮೌನರಾಗ ಅವರಿಗೆ ಒಂದು ಮಾತು. 85 ಇದೆ ಅಂದ ತಕ್ಷಣ 1880ಕ್ಕಿಂತ ಹಿಂದಿನದು ಅಂದುಕೊಳ್ಳಬೇಡಿ. ಯುರೋಪಿನ ಅಪ್‌ರೈಟ್‌ಗಳಲ್ಲಿ 85 ಕೀ ಆಮೇಲೂ ಬಹಳ ವರ್ಷ ನಡೆಯಿತು.

ಹೊಸಬ_22

ಕೀಗಳು ಆನೆದಂತದವೇ ಅಂತ ಗೊತ್ತಾದರೆ ವಯಸ್ಸು ಗೊತ್ತಾಗುತ್ತಾ? ಸೂಜಿ ಕಾಯಿಸಿ ಚುಚ್ಚಿ ನೋಡಿದರೆ ತಿಳಿಯುತ್ತೆ ಅಂತ ಎಲ್ಲೋ ಓದಿದ ನೆನಪು.

ಬೀಟೆಮರ

ದಯವಿಟ್ಟು ಸೂಜಿ ಕಾಯಿಸಬೇಡಿ! ದಂತದ ಬದಲಿಗೆ ಬಂದ ಸೆಲ್ಯುಲಾಯ್ಡ್ ಅನ್ನುವ ಹಳೇ ಬಗೆಯ ಪ್ಲಾಸ್ಟಿಕ್ ಬೆಂಕಿ ತಗುಲಿದರೆ ಭಗ್ಗನೆ ಹತ್ತಿಕೊಳ್ಳುವ ವಸ್ತು. ಒಂದು ಕೀ ಅಲ್ಲ, ಪಿಯಾನೊನೇ ಹೋಗಬಹುದು.

ಕಣ್ಣಲ್ಲೇ ತಿಳಿಯುತ್ತದೆ. ದಂತದ ಕೀ ಹೊದಿಕೆ ಸಾಮಾನ್ಯವಾಗಿ ಎರಡು ತುಂಡು. ಮುಂದೆ ಅಗಲದ್ದೊಂದು, ಹಿಂದೆ ಕರಿ ಕೀಗಳ ನಡುವೆ ಹೋಗುವ ಸಣ್ಣದೊಂದು. ಎರಡೂ ಸೇರುವಲ್ಲಿ ಕೂದಲಿನಷ್ಟು ತೆಳು ಗೆರೆ ಕಾಣುತ್ತದೆ. ಬೆಳಕಿಗೆ ಓರೆಯಾಗಿ ನೋಡಿದರೆ ಮರದ ಎಳೆಯಂಥ ಸಣ್ಣ ಗೀರುಗಳೂ ಕಾಣುತ್ತವೆ, ಅವು ಒಂದು ಕೀಯ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ. ಒಂದೇ ತುಂಡು, ಎಲ್ಲದರಲ್ಲೂ ಒಂದೇ ಬಣ್ಣ ಇದ್ದರೆ ಸೆಲ್ಯುಲಾಯ್ಡ್ ಅಥವಾ ಪ್ಲಾಸ್ಟಿಕ್.

ವಯಸ್ಸಿಗೆ ಇದರಿಂದ ಹೆಚ್ಚೇನೂ ಸಿಗುವುದಿಲ್ಲ. ಸ್ಟೈನ್‌ವೇಯಂಥ ದೊಡ್ಡ ಪಿಯಾನೊ ಕಂಪನಿಯವರೇ 1950ರ ದಶಕದವರೆಗೂ ದಂತ ಬಳಸಿದ್ದಾರೆ. ಆದರೂ ತಿಳಿದಿರಬೇಕು. ದಂತದ ವ್ಯಾಪಾರಕ್ಕೆ 1989ರಲ್ಲಿ ಅಂತರರಾಷ್ಟ್ರೀಯ ನಿಷೇಧ ಬಂದಿದೆ, ಹಾಗಾಗಿ ಅಂಥ ಪಿಯಾನೊವನ್ನು ಗಡಿ ದಾಟಿಸುವಾಗ ಕಾಗದಪತ್ರದ ತೊಡಕು ಇದ್ದೇ ಇದೆ.

ಮೌನರಾಗ

ತೆರೆದು ನೋಡಿದೆವು. ತಮ್ಮ ಟಾರ್ಚ್ ಹಿಡಿದ, ನಾನು ಬರೆದುಕೊಂಡೆ.

ಕಬ್ಬಿಣದ ಫ್ರೇಮ್ ಇದೆ, ಆದರೆ ಪಿನ್‌ಗಳಿರುವ ಪಟ್ಟಿ ಪೂರ್ತಿ ಮರ, ಕಬ್ಬಿಣ ಅದರ ಕೆಳಗೇ ನಿಂತುಬಿಡುತ್ತದೆ. ಮಂದ್ರದ ದಪ್ಪ ತಂತಿಗಳು ಮಿಕ್ಕವುಗಳ ಮೇಲೆ ಓರೆಯಾಗಿ ಹಾದುಹೋಗಿವೆ. ಡ್ಯಾಂಪರ್‌ಗಳು ಹ್ಯಾಮರ್‌ಗಳ ಕೆಳಗಿವೆ.

ಅಂಕಿಗಳು ಎಲ್ಲೆಂದರಲ್ಲಿ. ಮೇಲಿನ ಮುಚ್ಚಳದಡಿ, ಎಡಗಡೆ ಮರಕ್ಕೆ ಒತ್ತಿದ ಐದು ಅಂಕಿ, ಕೊನೆಯ ಮೂರು 372. ಎದುರಿನ ಹಲಗೆಯ ಹಿಂದೆ ಬರೀ 372. ಕೆಳಗಿನ ಹಲಗೆ ಮೇಲೂ 372. ಕಬ್ಬಿಣದಲ್ಲೇ ಉಬ್ಬಿದ ಹಾಗೆ ಒಂದು 14. ಪಿನ್‌ಗಳ ಹತ್ತಿರ 13, 13 ಅರ್ಧ, 14 ಹೀಗೆ ಸಾಲಾಗಿ. ಮೇಣದಬತ್ತಿ ಸ್ಟ್ಯಾಂಡ್ ಹಿಂದೆ "ಆರ್‌ಡಿ" ಅಂತ ಬರೆದು 2,53,000ದ ಮೇಲಿನ ಒಂದು ದೊಡ್ಡ ಅಂಕಿ. ಅದೇ ಸೀರಿಯಲ್ ನಂಬರಾ?

ಸ್ಟ್ಯಾಂಡ್ ಅಡಿಯ ಮರ ಸುತ್ತಲಿಗಿಂತ ಗಾಢವಾಗಿದೆ, ಪಟ್ಟಿಯದೇ ಆಕಾರ. ತೂತು ಒಂದೇ ಜೊತೆ. ಸ್ಕ್ರೂ ಎಲ್ಲ ಒಂದು ಗೀರಿನವು.

ಇನ್ನೊಂದು ಸಿಕ್ಕಿತು. ರಿಪೇರಿಯವರು ಎಡತುದಿಯ ಮೊದಲ ಕೀ ಹೊರಗೆ ತೆಗೆದು ತೋರಿಸಿದರು. ಅದರ ಮರದ ಪಕ್ಕೆಯಲ್ಲಿ ಪೆನ್ಸಿಲ್‌ನಲ್ಲಿ ಯಾರದೋ ಮೊದಲಕ್ಷರಗಳು, ಪಕ್ಕದಲ್ಲಿ 1903. ಅದನ್ನು ನೋಡಿ ಬಹಳ ಖುಷಿಯಾಯಿತು.

ಶ್ರುತಿಗಾರ

ಬಹಳ ಚೆನ್ನಾಗಿ ನೋಡಿದ್ದೀರಿ. ಆ ಪೆನ್ಸಿಲ್ ಬರಹ ನಮ್ಮ ಕಸುಬಿನವರದ್ದೇ. ಶ್ರುತಿ ಮಾಡಿದವರು ಮೊದಲ ಕೀ ಮೇಲೆ ಹೆಸರು, ತಾರೀಖು ಗೀಚಿಡುವುದು ಹಳೇ ರೂಢಿ. ನಿಮ್ಮ ಎರಡನೇ ಗೆರೆ ಸಿಕ್ಕಿತು. 1903ರಲ್ಲಿ ಈ ಪಿಯಾನೊ ಇತ್ತು. ಕೀಗಳ ಸಾಲು ಬೇರೆ ಪಿಯಾನೊದ್ದಲ್ಲ ಅನ್ನುವುದಕ್ಕೆ ಕೀಚೌಕಟ್ಟಿನ (ಕೀಗಳು ಕೂರುವ ಚೌಕಟ್ಟು) ಮೇಲೂ ಎಲ್ಲಾದರೂ 372 ಇದೆಯಾ ಅಂತ ನೋಡಿಸಿ.

ಅಂಕಿಗಳನ್ನು ಹೀಗೆ ಓದಿ. ಮರಕ್ಕೆ ಒತ್ತಿದ ಐದು ಅಂಕಿಯೇ ಸೀರಿಯಲ್ ನಂಬರ್. ಕಾರ್ಖಾನೆಯಲ್ಲಿ ಒಂದೇ ಹೊತ್ತಿಗೆ ಹತ್ತಾರು ಪೆಟ್ಟಿಗೆ ತಯಾರಾಗುತ್ತಿದ್ದವು. ಒಂದರ ಹಲಗೆ ಇನ್ನೊಂದಕ್ಕೆ ಹೋಗದಿರಲಿ ಅಂತ ನಂಬರಿನ ಬಾಲವನ್ನು ಪ್ರತಿ ಭಾಗದ ಮೇಲೂ ಒತ್ತುತ್ತಿದ್ದರು. ನಿಮ್ಮ 372 ಅದೇ. ಎಲ್ಲ ಕಡೆ ಹೊಂದುತ್ತಿರುವುದರಿಂದ ಪೆಟ್ಟಿಗೆ ಮೂಲದ್ದೇ ಅಂತಲೂ ಗೊತ್ತಾಯಿತು. ಕಬ್ಬಿಣದಲ್ಲಿ ಉಬ್ಬಿ ನಿಂತ ಅಂಕಿ ಅಚ್ಚಿನದು, ಅದೇ ಅಚ್ಚಿನಿಂದ ಬಂದ ಎಲ್ಲ ಫ್ರೇಮ್‌ಗಳಲ್ಲೂ ಇರುತ್ತದೆ. ಪಿನ್ ಪಕ್ಕದ 13, 13 ಅರ್ಧ ತಂತಿಯ ದಪ್ಪ.

ಒಳಗಿನ ಕಟ್ಟಡವೂ ಕಾಲಕ್ಕೆ ಹೊಂದುತ್ತದೆ. ಒಂದೇ ಎರಕದ ಕಬ್ಬಿಣದ ಫ್ರೇಮ್‌ಗೆ ಬಾಸ್ಟನ್‌ನ ಆಲ್ಫಿಯಸ್ ಬ್ಯಾಬ್‌ಕಾಕ್ ಪೇಟೆಂಟ್ ಪಡೆದಿದ್ದು 1825ರಲ್ಲಿ, ಗ್ರ್ಯಾಂಡ್‌ಗಳಲ್ಲಿ (ತಂತಿಗಳು ಮಲಗಿರುವ ದೊಡ್ಡ ಪಿಯಾನೊ) ತಂತಿ ಅಡ್ಡ ಹಾಯಿಸುವುದಕ್ಕೆ ಸ್ಟೈನ್‌ವೇ ಪೇಟೆಂಟ್ ಪಡೆದಿದ್ದು 1859ರಲ್ಲಿ. ಲಂಡನ್‌ನವರು ಇವನ್ನು ನಿಧಾನವಾಗಿ ಒಪ್ಪಿಕೊಂಡರು. ಪಿನ್‌ಪಟ್ಟಿ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಕಬ್ಬಿಣ ಹಾಕುವ ನಿಮ್ಮ ಬಗೆಯ ಮುಕ್ಕಾಲು ಫ್ರೇಮ್ ಆ ಕಾಲದಲ್ಲಿ ತುಂಬ ಕಾಣುತ್ತದೆ. ಡ್ಯಾಂಪರ್ ಕೆಳಗಿರುವುದು ನಿಜಕ್ಕೂ ಒಳ್ಳೆಯ ಸುದ್ದಿ. ಮೇಲಿದ್ದರೆ ಮುಂದೆಲ್ಲ ತಂತಿಗಳ ಪಂಜರ ಇರುತ್ತದೆ, ಕೀ ಬಿಟ್ಟ ಮೇಲೂ ಸ್ವರ ಸರಿಯಾಗಿ ಅಡಗುವುದಿಲ್ಲ, ರಿಪೇರಿಯೂ ಕಷ್ಟ. ನಿಮ್ಮದು ದುಡಿಸಿಕೊಳ್ಳಬಹುದಾದ ವಾದ್ಯ.

ಆರ್‌ಡಿ ನಂಬರ್ ಬಗ್ಗೆ ಕಾಗದಹುಳು ಅವರು ಹೇಳಲಿ.

ಕಾಗದಹುಳು

ಸಂತೋಷವಾಗಿ! ಆರ್‌ಡಿ ಅಂದರೆ ರಿಜಿಸ್ಟರ್ಡ್. ಬ್ರಿಟನ್‌ನಲ್ಲಿ ಒಂದು ವಸ್ತುವಿನ ಆಕಾರವನ್ನು ಬೇರೆಯವರು ನಕಲು ಮಾಡದಂತೆ ನೋಂದಾಯಿಸುವ ಪದ್ಧತಿ ಇತ್ತು. 1842ರಿಂದ 1883ರವರೆಗೆ ವಜ್ರದಾಕಾರದ ಚಿಹ್ನೆ ಹಾಕುತ್ತಿದ್ದರು. 1884ರಲ್ಲಿ ಒಂದರಿಂದ ಶುರುಮಾಡಿ ಬರೀ ಅಂಕಿ ಕೊಡುತ್ತಾ ಹೋದರು. 1890 ಶುರುವಾಗುವಾಗ ಅದು 1,41,000 ದಾಟಿತ್ತು. 1900 ಶುರುವಾಗುವಾಗ 3,51,000 ದಾಟಿತ್ತು. 2,53,000 ಅಂದರೆ 1895.

ಇದು ಪಿಯಾನೊದ ನಂಬರ್ ಅಲ್ಲ, ಆ ಹಿತ್ತಾಳೆ ಸ್ಟ್ಯಾಂಡಿನ ವಿನ್ಯಾಸದ ನಂಬರ್. ನೋಂದಣಿ ಆದ ಮೇಲೆ ಅದೇ ವಿನ್ಯಾಸವನ್ನು ಎಷ್ಟೋ ವರ್ಷ ಎರಕ ಹೊಯ್ದಿರಬಹುದು. ಆದರೆ 1895ಕ್ಕಿಂತ ಮೊದಲು ಹೊಯ್ದಿರಲು ಸಾಧ್ಯವಿಲ್ಲ. ಸ್ಟ್ಯಾಂಡ್ ಮೂಲದ್ದೇ ಅಂತ ಮರದ ಅಚ್ಚು ಮತ್ತು ತೂತು ಹೇಳುತ್ತಿವೆ. ಹಾಗಾದರೆ ಮೊದಲ ಗೆರೆ 1878ರಿಂದ 1895ಕ್ಕೆ ಬಂತು. ಮನೆಯವರು ನಂಬಿದ್ದಕ್ಕಿಂತ ಕನಿಷ್ಠ ಹದಿನೇಳು ವರ್ಷ ಚಿಕ್ಕದು.

ಇನ್ನು ಕೆಲವು ಗುರುತು, ಬೇರೆಯವರಿಗೆ ಉಪಯೋಗವಾದೀತು. "ಮೇಡ್ ಇನ್ ಜರ್ಮನಿ" ಅಂತ ಇಂಗ್ಲಿಷಿನಲ್ಲಿ ಇದ್ದರೆ 1887ರ ಬ್ರಿಟಿಷ್ ಕಾಯ್ದೆಯ ನಂತರದ್ದು ಅಂತ ಹಿಡಿಯಬಹುದು. "ಹರ್ ಮೆಜೆಸ್ಟಿ" ಅಂತ ರಾಣಿಯ ಹೆಸರಿನ ಬಿರುದಿದ್ದರೆ ಮತ್ತು ಪಿಯಾನೊ ಹಳೇದಾಗಿದ್ದರೆ ಅದು ವಿಕ್ಟೋರಿಯಾ ಕಾಲ, 1837ರಿಂದ 1901.

ಗಾಳಿತಿದಿ

ಸುರುಳಿ ಹಾಕಿ ತಾನೇ ನುಡಿಯುವ ಪಿಯಾನೊ ಇದ್ದವರು ಸುರುಳಿ ಓದುವ ಹಿತ್ತಾಳೆ ಪಟ್ಟಿಯ ತೂತು ಎಣಿಸಿ. 65 ತೂತಿನ ಪಟ್ಟಿ ಮಾತ್ರ ಇದ್ದರೆ ಮೊದಮೊದಲಿನದು. 88 ಸ್ವರದ ಸುರುಳಿಯ ಅಳತೆಗೆ ತಯಾರಕರೆಲ್ಲ ಒಪ್ಪಿದ್ದು 1908ರಲ್ಲಿ.

ಫ್ರೇಮ್ ಮೇಲೆ ದೊಡ್ಡದಾಗಿ ಎರಕ ಹೊಯ್ದ ಹೆಸರಿಗೂ ಮೋಸ ಹೋಗಬೇಡಿ. ಅಮೆರಿಕದ ಪಿಯಾನೊ ತೆರೆದವರು "ಓ. ಎಸ್. ಕೆಲ್ಲಿ" ಅಂತ ನೋಡಿ ಅದೇ ಕಂಪನಿ ಅಂದುಕೊಳ್ಳುತ್ತಾರೆ. ಕೆಲ್ಲಿ ಒಹಾಯೋದ ಎರಕದ ಕಾರ್ಖಾನೆ, ಎಷ್ಟೋ ಕಂಪನಿಗಳಿಗೆ ಫ್ರೇಮ್ ಮಾಡಿಕೊಟ್ಟವರು.

ಶ್ರುತಿಗಾರ

ಸರಿಯಾದ ಮಾತು. ಒಳಗಿನ ಆ್ಯಕ್ಷನ್ (ಕೀ ಒತ್ತಿದಾಗ ಹ್ಯಾಮರ್ ಹೊಡೆಸುವ ಭಾಗ) ಮೇಲೆ "ಶ್ವಾಂಡರ್" ಅಥವಾ "ರೆನ್ನರ್" ಅಂತ ಕಂಡವರೂ ಹಾಗೇ ಹೇಳುತ್ತಾರೆ. ಶ್ವಾಂಡರ್ ಪ್ಯಾರಿಸ್‌ನವರು, ರೆನ್ನರ್ 1882ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಶುರುವಾದದ್ದು. ಇಬ್ಬರೂ ಆ್ಯಕ್ಷನ್ ಮಾಡಿ ಬೇರೆಯವರಿಗೆ ಕೊಡುತ್ತಿದ್ದವರು. ಮುಚ್ಚಳದ ಮೇಲೆ ಅಂಗಡಿಯವರ ಹೆಸರು ಇರುವುದೂ ಉಂಟು. ದೊಡ್ಡ ಅಂಗಡಿಗಳು ಕಾರ್ಖಾನೆಯಿಂದ ಹೆಸರಿಲ್ಲದ ಪಿಯಾನೊ ತರಿಸಿ ತಮ್ಮ ಹೆಸರು ಅಚ್ಚು ಹಾಕಿಸುತ್ತಿದ್ದವು. ಒಂದು ಪಿಯಾನೊದಲ್ಲಿ ನಾಲ್ಕು ಹೆಸರು ಸಿಕ್ಕರೂ ಆಶ್ಚರ್ಯವಿಲ್ಲ, ನಾಲ್ಕೂ ನಿಜವೇ.

ಈಗ ಮೌನರಾಗ ಅವರ ಹೆಸರಿಗೆ ಬರೋಣ. "ಮೀಡ್ & ಸನ್ಸ್, ಲಂಡನ್, 1878" ಅಂದ ಕೂಡಲೇ ನನಗೆ ಹೊಳೆದದ್ದು ಬ್ರಿನ್ಸ್‌ಮೀಡ್. ಜಾನ್ ಬ್ರಿನ್ಸ್‌ಮೀಡ್ & ಸನ್ಸ್ ಲಂಡನ್‌ನ ಹೆಸರಾಂತ ತಯಾರಕರು. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಜಾನ್ ಬ್ರಿನ್ಸ್‌ಮೀಡ್ ಅವರಿಗೆ ಫ್ರಾನ್ಸ್ ಸರ್ಕಾರದ ಲೀಜನ್ ಆಫ್ ಆನರ್ ಗೌರವ ಸಿಕ್ಕಿತ್ತು. ಆ ವರ್ಷವನ್ನು ಅವರು ಹೆಮ್ಮೆಯಿಂದ ತೋರಿಸಿಕೊಳ್ಳುವುದು ಸಹಜ.

ಹಾಗಂತ ಇಲ್ಲಿಗೇ ನಿಲ್ಲಿಸುವ ಹಾಗಿಲ್ಲ. 1895 ಅಂತ ಕಾಗದಹುಳು ಅವರು ಹೇಳಿದ ಮೇಲೆ ಇದು ಇನ್ನೂ ಮುಖ್ಯ. ಅದೇ ಹೊತ್ತಿಗೆ ಥಾಮಸ್ ಎಡ್ವರ್ಡ್ ಬ್ರಿನ್ಸ್‌ಮೀಡ್ & ಸನ್ಸ್ ಅಂತ ಇನ್ನೊಂದು ಕಂಪನಿ ಹುಟ್ಟಿಕೊಂಡಿತ್ತು. ಅದನ್ನು ಶುರು ಮಾಡಿದವರು ಮೊದಲು ಜಾನ್ ಬ್ರಿನ್ಸ್‌ಮೀಡ್ ಅವರಲ್ಲೇ ಕೆಲಸಕ್ಕಿದ್ದವರು, ಮನೆತನದ ಹೆಸರೂ ಅದೇ. ಮೂಲ ಕಂಪನಿ ಕೋರ್ಟಿಗೆ ಹೋಯಿತು. ಕೋರ್ಟ್ ತಡೆ ಕೊಟ್ಟಿತು. 1896-97ರಲ್ಲಿ ಆ ಹೊಸ ಕಂಪನಿ ಕೋರ್ಟಿನ ಆದೇಶದಿಂದಲೇ ಮುಚ್ಚಿತು. ಕಂಪನಿ ಕಾನೂನು ಓದುವವರಿಗೆ ಈ ಮೊಕದ್ದಮೆ ಇವತ್ತಿಗೂ ಪರಿಚಿತ.

ಹಾಗಾಗಿ ನಿಮ್ಮ ಮುಚ್ಚಳದಲ್ಲಿ ಉದುರಿಹೋದ ಎಡಭಾಗದ ಅಕ್ಷರಗಳೇ ಈಗ ಎಲ್ಲಕ್ಕಿಂತ ಮುಖ್ಯ.

ಎಂಟನೇ_ಸ್ವರ

ಒಂದೇ ಹೆಸರಿನ ಕಾಟ ಬೇರೆ ಕಡೆಯೂ ಇದೆ ಅಲ್ವಾ? ಸ್ಟೈನ್‌ವೆಗ್ ಮತ್ತು ಸ್ಟೈನ್‌ವೇ ಒಂದೇ ಅಂತ ವಾದ ಮಾಡುವವರನ್ನು ಕಂಡಿದ್ದೇನೆ.

ಕಾಗದಹುಳು

ಅಲ್ಲಿ ಮೋಸ ಇಲ್ಲ, ಒಂದೇ ಮನೆತನದ ಎರಡು ಕವಲು. ಜರ್ಮನಿಯಿಂದ ನ್ಯೂಯಾರ್ಕ್‌ಗೆ ಹೋದ ಸ್ಟೈನ್‌ವೆಗ್ ಮನೆಯವರು 1853ರಲ್ಲಿ ಸ್ಟೈನ್‌ವೇ & ಸನ್ಸ್ ಶುರು ಮಾಡಿದರು. ಹಿರಿಯ ಮಗ ಥಿಯೋಡೋರ್ ಊರಲ್ಲೇ ಉಳಿದು ಪಿಯಾನೊ ಮಾಡುತ್ತಿದ್ದ. 1865ರಲ್ಲಿ ಅದನ್ನು ಗ್ರೋಟ್ರಿಯನ್ ಮತ್ತು ಜೊತೆಗಾರರಿಗೆ ಮಾರಿ ಅವನೂ ಅಮೆರಿಕಕ್ಕೆ ಹೋದ. ಗ್ರೋಟ್ರಿಯನ್-ಸ್ಟೈನ್‌ವೆಗ್ ಅನ್ನುವ ಹೆಸರು ಅಲ್ಲಿಂದ ಬಂದದ್ದು. ಅಂದಹಾಗೆ ಜರ್ಮನಿಯ ಪಿಯಾನೊ ಕಂಪನಿಗಳಾದ ಬೆಕ್‌ಸ್ಟೈನ್, ಬ್ಲೂಥ್ನರ್ ಕೂಡ ಶುರುವಾದದ್ದು ಅದೇ 1853ರಲ್ಲಿ. ಪಿಯಾನೊ ಇತಿಹಾಸದಲ್ಲಿ ಅಂಥ ವರ್ಷ ಇನ್ನೊಂದಿಲ್ಲ.

ಬೀಟೆಮರ

ಉದುರಿದ ಅಕ್ಷರ ಓದುವ ದಾರಿ ಇದೆ. ಚಿನ್ನದ ಅಕ್ಷರ ಕೂತಿದ್ದ ಜಾಗಕ್ಕೆ ಅಷ್ಟು ವರ್ಷ ಬೆಳಕು ತಾಕಿರುವುದಿಲ್ಲ. ಅಕ್ಷರ ಹೋದರೂ ಅದರಡಿಯ ಪಾಲಿಶ್ ಬಣ್ಣ ಸುತ್ತಲಿನದಕ್ಕಿಂತ ಸ್ವಲ್ಪ ಬೇರೆ ಇರುತ್ತದೆ. ಅಂಚಿನಲ್ಲಿ ಕೂದಲೆಳೆಯಷ್ಟು ಏರಿಳಿತವೂ ಇರುತ್ತದೆ.

ರಾತ್ರಿ ಕೋಣೆಯ ದೀಪ ಆರಿಸಿ. ಟಾರ್ಚನ್ನು ಎದುರಿನಿಂದ ಹಿಡಿಯಬೇಡಿ. ಹಲಗೆಗೆ ತಾಗಿಸಿದ ಹಾಗೆ ಪಕ್ಕದಿಂದ ಹಿಡಿದು ನಿಧಾನವಾಗಿ ಸರಿಸುತ್ತಾ ಹೋಗಿ. ಒಬ್ಬರು ಫೋಟೊ ತೆಗೆಯಲಿ. ಆಮೇಲೆ ಫೋಟೊವನ್ನು ಕಪ್ಪುಬಿಳುಪು ಮಾಡಿ ಕಾಂಟ್ರಾಸ್ಟ್ ಹೆಚ್ಚಿಸಿ. ಒರೆಸುವುದು, ಎಣ್ಣೆ ಹಚ್ಚುವುದು ಏನೂ ಬೇಡ. ಬಟ್ಟೆ ತಾಗಿದರೂ ಉಳಿದ ಚಿನ್ನ ಹೋಗುತ್ತದೆ.

ಮೌನರಾಗ

ಕಂಡಿತು! ನಿಜಕ್ಕೂ ಕಂಡಿತು.

ಟಾರ್ಚ್ ಬಲಗಡೆಯಿಂದ ಹಿಡಿದಾಗ ಏನೂ ಇಲ್ಲ. ಎಡಗಡೆಯಿಂದ, ಹಲಗೆಗೆ ಒಂದು ಬೆರಳಷ್ಟು ಮೇಲೆ ಹಿಡಿದಾಗ "ಮೀಡ್"ಗೆ ಮೊದಲು "ಬ್ರಿನ್ಸ್" ಪೂರ್ತಿ ಎದ್ದು ಬಂತು. ಅದಕ್ಕೂ ಮೊದಲು ನಾಲ್ಕು ಇಂಗ್ಲಿಷ್ ಅಕ್ಷರಗಳ ಒಂದೇ ಪದ. ಮೊದಲನೆಯದು ಕೆಳಗೆ ಬಾಗಿದ ಬಾಲದ 'ಜೆ', ಕೊನೆಯದು 'ಎನ್'. ನಡುವೆ ದುಂಡಗೆ ಒಂದು 'ಓ' ಇದೆ. ಥಾಮಸ್ ಎಡ್ವರ್ಡ್ ಬರೆಯುವಷ್ಟು ಜಾಗವೇ ಅಲ್ಲಿಲ್ಲ. ಎಡಕ್ಕೂ ಬಲಕ್ಕೂ ಬಿಟ್ಟ ಅಂಚು ಸರಿಸಮ ಇದೆ.

ಕೆಳಗೆ, "ಲಂಡನ್" ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ "18, 20, 22" ಮತ್ತು "ವಿಗ್" ಅಂತ ಶುರುವಾಗುವ ಪದ. ಕೀಚೌಕಟ್ಟಿನ ಮೇಲೂ 372 ಇದೆಯಂತೆ, ರಿಪೇರಿಯವರು ನೋಡಿ ಹೇಳಿದರು.

ಕಾಗದಹುಳು

ವಿಗ್ಮೋರ್ ಸ್ಟ್ರೀಟ್! ಜಾನ್ ಬ್ರಿನ್ಸ್‌ಮೀಡ್ ಅವರ ಮಳಿಗೆ ಅಲ್ಲೇ ಇದ್ದದ್ದು, 18, 20, 22ನೇ ನಂಬರಿನಲ್ಲಿ. ಆ ಬೀದಿಯೇ ಪಿಯಾನೊ ಬೀದಿ. ಬೆಕ್‌ಸ್ಟೈನ್‌ನವರು 1901ರಲ್ಲಿ ಅಲ್ಲೇ ತಮ್ಮ ಹೆಸರಿನ ಸಂಗೀತ ಸಭಾಂಗಣ ತೆರೆದರು, ಈಗಿನ ವಿಗ್ಮೋರ್ ಹಾಲ್ ಅದೇ.

ಶ್ರುತಿಗಾರ

ಹೆಸರು, ವಿಳಾಸ, ಪದಕ ಮೂರೂ ಒಂದೇ ಕಡೆ ತೋರಿಸುತ್ತಿವೆ. ಜಾನ್ ಬ್ರಿನ್ಸ್‌ಮೀಡ್ & ಸನ್ಸ್, ಲಂಡನ್. 1895ರಿಂದ 1903ರ ನಡುವೆ ತಯಾರಾದದ್ದು. ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಇನ್ನೂ ಹತ್ತಿರ ಹೋಗಲು ಸೀರಿಯಲ್ ನಂಬರ್ ಪಟ್ಟಿ ಇವೆ. ಯಾವ ವರ್ಷ ಯಾವ ನಂಬರಿಗೆ ಬಂದಿದ್ದರು ಅಂತ ಕಂಪನಿವಾರು ಕೊಟ್ಟಿರುತ್ತಾರೆ. ಉದಾಹರಣೆಗೆ ಸ್ಟೈನ್‌ವೇ ಪಟ್ಟಿಯಲ್ಲಿ 1890ಕ್ಕೆ 70,000, 1900ಕ್ಕೆ 95,000. ನಿಮ್ಮ ಅಂಕಿ ಎರಡು ವರ್ಷಗಳ ನಡುವೆ ಎಲ್ಲಿ ಕೂರುತ್ತದೆ ಅಂತ ನೋಡಬೇಕು. ಪಟ್ಟಿ ಬಳಸುವಾಗ ಕಂಪನಿ ಮೊದಲು ಖಚಿತವಾಗಿರಬೇಕು, ಇಲ್ಲದಿದ್ದರೆ ಬೇರೆ ಯಾರದೋ ಪಟ್ಟಿಯಲ್ಲಿ ಬೇರೆ ಯಾವುದೋ ವರ್ಷ ಸಿಗುತ್ತದೆ. ಸುಮಾರು ಜನ ಮೊದಲು ಪಟ್ಟಿ ತೆರೆಯುತ್ತಾರೆ, ಅದಕ್ಕೇ ತಪ್ಪಾಗುವುದು. ಪಟ್ಟಿಯ ಉತ್ತರ 1895-1903ರ ಒಳಗೆ ಬಂದರೆ ನಂಬಿ. ಹೊರಗೆ ಬಂದರೆ ಪಟ್ಟಿಯನ್ನು ಅನುಮಾನಿಸಿ, ನಿಮ್ಮ ಪಿಯಾನೊವನ್ನಲ್ಲ.

ಹೊಸಬ_22

ಕಂಪನಿಯ ಹಳೇ ಲೆಕ್ಕದ ಪುಸ್ತಕ ಸಿಗುವುದಿಲ್ವಾ? ಯಾರಿಗೆ ಮಾರಿದ್ದು ಅಂತ?

ಕಾಗದಹುಳು

ಕೆಲವರದ್ದು ಸಿಗುತ್ತದೆ. ಬ್ರಾಡ್‌ವುಡ್‌ನ ದಾಖಲೆಗಳು ಇಂಗ್ಲೆಂಡಿನ ಸರ್ರೆ ಹಿಸ್ಟರಿ ಸೆಂಟರ್‌ನಲ್ಲಿವೆ. ಅವುಗಳ ಬೆಲೆ ಎಷ್ಟು ಅಂತ ಒಂದು ಘಟನೆಯಿಂದ ಎಲ್ಲರಿಗೂ ಗೊತ್ತಾಯಿತು. 2016ರಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ ಒಂದು ಬ್ರಾಡ್‌ವುಡ್ ಅಪ್‌ರೈಟ್ ಶ್ರುತಿ ಮಾಡಲು ತೆರೆದಾಗ ಕೀಗಳಡಿ 913 ಚಿನ್ನದ ನಾಣ್ಯ ಸಿಕ್ಕವು. ಹಳೇದು 1847ರದ್ದು, ಹೊಸದು 1915ರದ್ದು. ಯಾರದ್ದು ಅಂತ ಹುಡುಕಲು ಹೊರಟಾಗ ಪಿಯಾನೊ 1906ರದ್ದು, ಎಸೆಕ್ಸ್‌ನ ಸ್ಯಾಫ್ರನ್ ವಾಲ್ಡನ್ ಊರಿನ ಸಂಗೀತ ಅಂಗಡಿಗೆ ಹೋಗಿತ್ತು ಅಂತ ತಿಳಿಯಿತು. ನಾಣ್ಯದ ಪೊಟ್ಟಣದಲ್ಲಿ ಒತ್ತಿಟ್ಟ ರಟ್ಟಿನ ತುಂಡು ನೋಡಿ, ಬಚ್ಚಿಟ್ಟದ್ದು 1926ರ ನಂತರ ಅಂತಲೂ ಕಂಡುಕೊಂಡರು. ಇಟ್ಟವರ ವಾರಸುದಾರರು ಮಾತ್ರ ಸಿಗಲಿಲ್ಲ.

ಅದಕ್ಕೇ ಹೇಳುವುದು, ಪಿಯಾನೊ ತಳದ ಕಸ ಗುಡಿಸುವಾಗ ಒಂದು ಚೂರು ಕಾಗದವನ್ನೂ ಎಸೆಯಬೇಡಿ. ಹಳೇ ಟಿಕೆಟ್, ಪತ್ರಿಕೆ ತುಂಡು, ನಾಣ್ಯ ಏನೇ ಸಿಗಲಿ, ಸಿಕ್ಕ ಜಾಗದ ಫೋಟೊ ತೆಗೆದು ಇಟ್ಟುಕೊಳ್ಳಿ.

ಮೌನರಾಗ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮನೆಯಲ್ಲಿ ಹೇಳಿದೆ. 1878 ಅಲ್ಲ ಅಂದಾಗ ಅತ್ತೆಗೆ ಸ್ವಲ್ಪ ಬೇಜಾರಾಯಿತು. ಪೆನ್ಸಿಲ್‌ನ 1903 ತೋರಿಸಿದ ಮೇಲೆ ಅವರೇ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

ಕೊನೆಯ ಪ್ರಶ್ನೆ. ಪೆಟ್ಟಿಗೆಗೆ ಹೊಸ ಪಾಲಿಶ್ ಮಾಡಿಸಬೇಕು ಅಂತಿದ್ದೇವೆ. ಮುಚ್ಚಳವನ್ನೂ ಕೆರೆದು ಹೆಸರನ್ನು ಹೊಸದಾಗಿ ಬರೆಸೋಣ ಅಂತ ಒಬ್ಬರು ಹೇಳುತ್ತಿದ್ದಾರೆ. ಮಾಡಿಸಬಹುದಾ?

ಬೀಟೆಮರ

ಪೆಟ್ಟಿಗೆ ಪಾಲಿಶ್ ಮಾಡಿಸಿ, ಮುಚ್ಚಳದ ಒಳಮೈ ಬಿಟ್ಟುಬಿಡಿ. ಇವತ್ತು ಓದಲು ಸಿಕ್ಕ ಅಕ್ಷರಗಳು ಆ ಹಳೇ ಪಾಲಿಶ್‌ನಲ್ಲೇ ಇವೆ, ಕೆರೆದರೆ ಅದರ ಜೊತೆಗೇ ಹೋಗುತ್ತವೆ. ಕೆಲಸಕ್ಕೆ ಕೊಡುವಾಗ ಮುಚ್ಚಳ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ, ಬೆಳಕು ಬೀಳದ ಕಡೆ. ಮೇಲಿನ ಮುಚ್ಚಳದಡಿಯ ಐದು ಅಂಕಿಗೂ, ಹಲಗೆ ಹಿಂದಿನ 372ಕ್ಕೂ ಮರಳು ಕಾಗದ ತಾಗಿಸಬಾರದು ಅಂತ ಕೆಲಸದವರಿಗೆ ಬರೆದೇ ಕೊಡಿ.

ಶ್ರುತಿಗಾರ

ಒಪ್ಪುತ್ತೇನೆ. ಒಳಗಿನ ಕೆಲಸದಲ್ಲಿ ಮೊದಲು ಆ ಮರದ ಪಿನ್‌ಪಟ್ಟಿ ನೋಡಿಸಿ. ಪಿನ್‌ಗಳು ಬಿಗಿಯಾಗಿ ನಿಲ್ಲುತ್ತವೆಯೇ, ಪಟ್ಟಿ ಸೀಳಿದೆಯೇ ಅನ್ನುವುದರ ಮೇಲೆ ಮಿಕ್ಕ ಎಲ್ಲ ರಿಪೇರಿ ನಿಂತಿದೆ. ಅದು ಗಟ್ಟಿ ಇದ್ದರೆ ಮಾತ್ರ ಹೊಸ ತಂತಿ ಹಾಕಿಸಿ. ಒಂದೇ ಸಲ ಪೂರ್ತಿ ಶ್ರುತಿಗೆ ಎಳೆಯಲು ಬಿಡಬೇಡಿ, ಹಂತ ಹಂತವಾಗಿ ಏರಿಸಲಿ.